ನಾಗಪ್ಪನ ನಾಣ್ಯಕ್ಕೆ ಅಮ್ಮ ಹಾಲೆರೆದ ಕಥೆ

ಹಾಂ, ಇದೇ ಪರ್ತ್ ಮಿಂಟ್, ಆಸ್ಟ್ರೇಲಿಯಾದ ನಾಣ್ಯ ಹೊಡೆಯೋ ಟಂಕಸಾಲೆ, 1899ರದ್ದು. 2011ರಲ್ಲಿ 1 ಟನ್ ಬಂಗಾರದ ನಾಣ್ಯ ಮಾಡಿದ್ದು ಇವ್ರೇ, ಆದ್ರೆ ನಮ್ ಯೋಗ್ಯತೆ ಒಂದು ಔನ್ಸ್ ಬೆಳ್ಳಿ, 31 ಗ್ರಾಂ ಅಷ್ಟೇ. ಹೋದ್ಸಲ ತಗೊಂಡಿದ್ದು 2025ರ ಹಾವು, ಇವತ್ತು 2026ರ ಕುದುರೆ.

ಲೂನಾರ್ ಸೀರೀಸು, 1996ರಲ್ಲಿ ಇಲಿಯಿಂದ ಶುರು ಮಾಡಿದ್ರು, ಚೀನೀ ಪಂಚಾಂಗದ ಹನ್ನೆರಡು ಪ್ರಾಣಿ, ವರ್ಷಕ್ಕೊಂದು, ಹೊರದೇಶದ ನಾಣ್ಯ ಸಂಗ್ರಹ ಮಾಡೋರು ಮುಗಿಬಿದ್ದು ತಗೋತಾರೆ. ಚಂದ್ರನ ಲೆಕ್ಕ ನಮ್ ಯುಗಾದೀಗೂ ಇದೆ, ಆ ಹನ್ನೆರಡು ಪ್ರಾಣಿ ಐದು ಸುತ್ತು ಬಂದ್ರೆ ಅವ್ರ ದೊಡ್ಡ ಚಕ್ರಾನೂ 60 ವರ್ಷ, ನಮ್ ಸಂವತ್ಸರಾನೂ 60, ಆದ್ರೆ ಅವ್ರಿಗೆ ಕುದುರೆ ಬಂದಿರೋ ವರ್ಷ ನಮಗೆ ಪರಾಭವ ಸಂವತ್ಸರ, ನಾಣ್ಯದ ಮೇಲೆ 'ಪರಾಭವ' ಅಂತ ಹೊಡೆದ್ರೆ ಯಾವನ್ ತಗೋತಾನೆ ಹೇಳಿ.

ಇದರ ಮೇಲೆ ಬರ್ದಿರೋದು 1 ಡಾಲರ್. ನಾನ್ ಕೊಡೋದು ಎಷ್ಟು ಅಂತ ಹೇಳಲ್ಲ, ಅಮ್ಮ ಈ ವಿಡಿಯೋ ನೋಡ್ತಾರೆ.

ಅಮ್ಮ ಅಂದಾಗ ನೆನಪಾಯ್ತು. ಹೋದ ವರ್ಷ ಪುತ್ತೂರಿಂದ ಬಂದಿದ್ರಾ, ನಾಗರ ಪಂಚಮಿ ದಿನ ನಾನು ಕೆಲಸ ಮುಗ್ಸಿ ಮನೆಗೆ ಬಂದ್ರೆ ಹಾವಿನ ನಾಣ್ಯ ಅದರ ಕ್ಯಾಪ್ಸೂಲಿಂದ, ಅಂದ್ರೆ ಪ್ಲಾಸ್ಟಿಕ್ ಡಬ್ಬಿಯಿಂದ ಆಚೆ, ಬಟ್ಟಲಲ್ಲಿ ಹಾಲು, ಹಾಲಲ್ಲಿ ನಾಗಪ್ಪ, ಮೇಲೊಂದು ಚಿಟಿಕೆ ಅರಿಶಿನ! ಕೇಳಿದ್ರೆ "ಎಂತ ಮಾರಾಯ, ಬೆಳ್ಳಿ ನಾಗನಿಗೆ ತನು ಹಾಕ್ಬಾರ್ದಾ, ಇದಕ್ಕಿಂತ ಚಂದದ್ದು ಕುಕ್ಕೆಯಲ್ಲೇ ಸಿಗ್ತದೆ" ಅಂತ ನನಗೇ ಬೈದ್ರು. ಆಮೇಲೆ ನಾನೂ ದಡ್ಡ, ಟವೆಲ್ ತಗೊಂಡು ಗಸಗಸ ಉಜ್ಜಿದೆ, ಮೈ ತುಂಬಾ ಗೀರು. ಅಂಗಡಿಯವ್ನೊಬ್ಬ ಲೆನ್ಸ್ ಇಟ್ಟು ನೋಡಿ, ಗೀರು ಹಾಗಿರ್ಲಿ, 'ಮಿಲ್ಕ್ ಸ್ಪಾಟ್' ಬೇರೆ ಇದೆ ಅಂದ. ನಂಗೆ ಎದೆ ಧಸಕ್ ಅಂತು, ಹಾಲು ಎರೆದಿದ್ದು ಇವನಿಗೆ ಹೇಗೆ ಗೊತ್ತಾಯ್ತು! ಅದು ಆ ಹಾಲಲ್ವಂತೆ, ಮಿಂಟಲ್ಲಿ ಬೆಳ್ಳಿ ಬಿಲ್ಲೆ ತೊಳೆದಾಗ ಉಳ್ಕೊಂಡ ಕೆಮಿಕಲ್ಲಿಂದ ಆಮೇಲೆ ಬಿಳಿ ಕಲೆ ಏಳತ್ತಂತೆ, ಸುಮಾರು ಬೆಳ್ಳಿ ನಾಣ್ಯಕ್ಕೆ ಇದೇ ಕಾಯಿಲೆ. ಸುಮ್ನೆ ಅಮ್ಮನ್ನ ಬೈಕೊಂಡಿದ್ದೆ ನಾನು. ಗೀರು ಮಾತ್ರ ನನ್ನದೇ.

ಈ ಚಟವೇ ಸಾಕು ಅಂದಿದ್ದೆ ಅವತ್ತು, ಬಂದಿದೀನಿ ನೋಡಿ ಮತ್ತೆ. ಅಲ್ಲಾ, ಬೆಳ್ಳಿ ಯಾವತ್ತಿದ್ರೂ ಬೆಳ್ಳಿನೇ ಅಲ್ವಾ...

ಅಯ್ಯೋ ಕೌಂಟರಲ್ಲಿ ಕರೀತಿದಾರೆ, ಹಾಂ, ಬಂತು ಬಂತು ಕುದುರೆ. ಸಖತ್ತಾಗಿದೆ ಗುರೂ! ಕ್ಯಾಪ್ಸೂಲ್ ತೆಗ್ಯಲ್ಲ, ಮನೇಲೂ ತೋರ್ಸಲ್ಲ, ಅಮ್ಮ ಮತ್ತೆ ಬಂದಿದಾರೆ, ಊರಿಂದ ಎರಡು ಕೇಜಿ ಹುರುಳಿ ತಂದಿದಾರೆ.