ಒಲ್ಲೆ ಅನ್ನುವ ಸ್ವಾತಂತ್ರ್ಯ ಅವಳಿಗಿದೆಯಾ?

ಕೇಳುಗರಿಗೆ ನಮಸ್ಕಾರ.

ಇವತ್ತು ಒಂದು ಬಗೆಯ ಪ್ರೇಮ ಕಾದಂಬರಿಯ ಬಗ್ಗೆ ಮಾತಾಡೋಣ. ಕಥೆ ನಿಮಗೆ ಗೊತ್ತಿರುವುದೇ. ಅವನು ಕೋಟ್ಯಧಿಪತಿ. ಅವಳಿಗೆ ಮೈತುಂಬಾ ಸಾಲ, ಇಲ್ಲವೇ ಅಮ್ಮನ ಆಪರೇಷನ್ನಿಗೆ ದುಡ್ಡು ಬೇಕು. ಅವನಿಗೆ ತುರ್ತಾಗಿ ಒಬ್ಬ ಭಾವಿ ಪತ್ನಿ ಬೇಕಾಗಿದ್ದಾಳೆ, ಯಾಕೆಂದರೆ ಹಾಸಿಗೆ ಹಿಡಿದ ಅಜ್ಜಿ ಮೊಮ್ಮಗನ ಮದುವೆ ನೋಡಬೇಕು ಅಂತ ಹಟ ಹಿಡಿದಿದ್ದಾಳೆ, ಅಥವಾ ಸಂಸಾರಸ್ಥನಿಗೆ ಮಾತ್ರ ನನ್ನ ಕಂಪನಿ ಮಾರುತ್ತೇನೆ ಅಂತ ಯಾರೋ ಹಿರಿಯರು ಪಟ್ಟು ಹಿಡಿದು ಕೂತಿದ್ದಾರೆ. ಇಬ್ಬರೂ ಒಪ್ಪಂದಕ್ಕೆ ಬರುತ್ತಾರೆ. ಬೆರಳಿಗೆ ಉಂಗುರ, ನಾಲ್ಕು ಜನರೆದುರು ನಗು, ಕೆಲವು ತಿಂಗಳಾದ ಮೇಲೆ ನಿನ್ನ ದಾರಿ ನಿನಗೆ, ನನ್ನ ದಾರಿ ನನಗೆ.

ಆಮೇಲೆ ಏನಾಗುತ್ತದೆ ಅಂತ ಮೊದಲ ಪುಟದಲ್ಲೇ ಗೊತ್ತು, ಅಲ್ವಾ? ಆದರೂ ಓದುತ್ತೇವೆ. ನಾನಂತೂ ತುಂಬಾ ಪ್ರೀತಿಯಿಂದ ಓದುತ್ತೇನೆ. ಇದನ್ನು ಹಗುರವಾಗಿ ನೋಡುವವರ ಜೊತೆ ನನ್ನ ಜಗಳ ಮೊದಲಿನಿಂದಲೂ ಇದೆ.

ಲಂಡನ್ನಿನಲ್ಲಿ 1908ರಲ್ಲಿ ಶುರುವಾದ ಮಿಲ್ಸ್ ಅಂಡ್ ಬೂನ್, ಕೆನಡಾದಲ್ಲಿ 1949ರಲ್ಲಿ ಹುಟ್ಟಿದ ಹಾರ್ಲೆಕ್ವಿನ್, ಇವೆರಡೂ ಇಂಥ ಪುಟ್ಟ ಕಾದಂಬರಿಗಳನ್ನು ಲೋಕದ ಮೂಲೆ ಮೂಲೆಗೆ ಮುಟ್ಟಿಸಿದ ಪ್ರಕಾಶನಗಳು. 1971ರಲ್ಲಿ ಎರಡೂ ಒಂದಾದವು. ಈ ಪುಸ್ತಕಗಳಲ್ಲಿ ಎಷ್ಟೋ ಸುಮಾರು 50,000 ಪದದ ಆಸುಪಾಸಿನವು. ಅಷ್ಟರೊಳಗೆ ಪರಿಚಯವೇ ಇಲ್ಲದ ಇಬ್ಬರು ಭೇಟಿಯಾಗಬೇಕು, ಹತ್ತಿರವಾಗಬೇಕು, ದೂರವಾಗಬೇಕು, ಮತ್ತೆ ಸೇರಬೇಕು. ಸುಳ್ಳು ನಿಶ್ಚಿತಾರ್ಥ ಇದ್ದರೆ ಬರೆಯುವವರಿಗೆ ಎಷ್ಟು ಅನುಕೂಲ ನೋಡಿ. ಮೂರನೇ ಅಧ್ಯಾಯಕ್ಕೇ ಇಬ್ಬರೂ ಒಂದೇ ಸೂರಿನಡಿ ಇರುತ್ತಾರೆ, ಕೈ ಕೈ ಹಿಡಿಯಲೇಬೇಕಾಗಿರುತ್ತದೆ, ಮನಸ್ಸಿನಲ್ಲಿರುವುದನ್ನು ಮಾತ್ರ ಹೇಳುವ ಹಾಗಿರುವುದಿಲ್ಲ.

ನನಗೆ ಜಾಸ್ತಿ ಇಷ್ಟವಾಗುವುದು ಅವರು ಸುಳ್ಳನ್ನು ಬಾಯಿಪಾಠ ಮಾಡುವ ಜಾಗ. ರಾತ್ರಿ ಮೇಜಿನ ಆಚೆ ಈಚೆ ಕೂತು ಪ್ರಶ್ನೆ ಕೇಳುತ್ತಾರೆ. ನಾವು ಮೊದಲು ಸಿಕ್ಕಿದ್ದು ಎಲ್ಲಿ ಅಂತ ಹೇಳೋಣ? ನಿಮ್ಮ ಹುಬ್ಬಿನ ಮೇಲಿನ ಗಾಯ ಹೇಗಾಯಿತು? ಯಾವುದಕ್ಕೆ ಹೆದರುತ್ತೀರಿ? ನಿಜವಾಗಿ ಪ್ರೀತಿಸುವವರು ಕೇಳಲು ತಿಂಗಳುಗಟ್ಟಲೆ ಹಿಂಜರಿಯುವ ಮಾತುಗಳನ್ನು ಇವರು ಒಂದೇ ಸಂಜೆಯಲ್ಲಿ, ಕೆಲಸದ ಪಟ್ಟಿ ಅನ್ನುವ ಹಾಗೆ ಕೇಳಿ ಮುಗಿಸುತ್ತಾರೆ. ಆಮೇಲೆ ಪಾರ್ಟಿಯಲ್ಲಿ ಯಾರೋ ಅವಳ ಬಗ್ಗೆ ಏನೋ ಕೇಳುತ್ತಾರೆ. ಅದು ಪಟ್ಟಿಯಲ್ಲಿ ಇರಲೇ ಇಲ್ಲ. ಅವನು ಸರಿಯಾದ ಉತ್ತರ ಕೊಡುತ್ತಾನೆ. ಸುಮ್ನೆ ಗಮನಿಸಿದ್ದರಿಂದ ಗೊತ್ತಾಗಿದೆ ಅಷ್ಟೆ. ಅವಳು ತಿರುಗಿ ನೋಡುತ್ತಾಳೆ. ಚೆನ್ನಾಗಿ ಬರೆದಿದ್ದರೆ, ಆ ಒಂದು ನೋಟದ ಮುಂದೆ ಮುತ್ತಿನ ದೃಶ್ಯವೂ ಸಪ್ಪೆ.

ಈಗ ದುಡ್ಡಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಇಂಥ ಕಾದಂಬರಿ ಗೆಲ್ಲುವುದೂ ಸೋಲುವುದೂ ಇಲ್ಲೇ. ಅವನ ಹತ್ತಿರ ಎಲ್ಲಾ ಇದೆ: ಮನೆ, ಕಾರು, ವಕೀಲರು, ಒಪ್ಪಂದದ ಕಾಗದ. ಅವಳ ಹತ್ತಿರ ಇರುವುದು ಒಲ್ಲೆ ಅನ್ನುವ ಒಂದು ಮಾತು. ಅಮ್ಮನ ಆಸ್ಪತ್ರೆ ಬಿಲ್ಲು ಅವನ ಕೈಯಲ್ಲಿರುವಾಗ ಅವಳು ನಿನ್ನನ್ನು ಪ್ರೀತಿಸುತ್ತೇನೆ ಅಂದರೆ ನಾನು ಹೇಗೆ ನಂಬಲಿ? ಅವಳೇ ಹೇಗೆ ನಂಬುತ್ತಾಳೆ? ಕೆಲವರು ಇದನ್ನು ಯೋಚಿಸುವುದೇ ಇಲ್ಲ. ನಾಯಕ ಅವಳಿಗೆ ಗೊತ್ತಿಲ್ಲದೆ ಸಾಲ ತೀರಿಸುತ್ತಾನೆ, ಅವಳಿರುವ ಕಟ್ಟಡವನ್ನೇ ಕೊಂಡುಬಿಡುತ್ತಾನೆ, ಅದನ್ನು ಪ್ರೀತಿ ಅಂತ ನಾವು ಕಣ್ಣೀರು ಹಾಕಬೇಕಂತೆ. ನನಗೆ ಉಸಿರು ಕಟ್ಟುತ್ತದೆ. ಕೇಳದೆ ಕೊಟ್ಟ ದೊಡ್ಡ ಉಡುಗೊರೆ ಹೆಗಲ ಮೇಲೆ ಕೂತುಬಿಡುತ್ತದೆ.

ಒಳ್ಳೆಯ ಲೇಖಕಿ ಮೊದಲು ಲೆಕ್ಕ ಮುಗಿಸುತ್ತಾಳೆ. ಒಪ್ಪಂದದ ದಿನಗಳು ತುಂಬುತ್ತವೆ, ಮಾತಾಡಿಕೊಂಡ ಹಣ ಅವಳ ಖಾತೆಗೆ ಬರುತ್ತದೆ, ಅದು ಅವಳು ಮಾಡಿದ ಕೆಲಸಕ್ಕೆ ಸಿಕ್ಕ ಸಂಬಳ, ಅದರಲ್ಲಿ ಯಾರ ಕೃಪೆಯೂ ಇಲ್ಲ. ಈಗ ಅವಳು ಎದ್ದು ಹೋಗಬಹುದು. ಬಾಗಿಲು ತೆರೆದಿದೆ. ಇನ್ನು ಅವನು ಕೇಳಲಿ, ಅವಳು ಉತ್ತರ ಹೇಳಲಿ.

ಉಂಗುರದ ಬಗ್ಗೆಯೂ ಒಂದು ಮಾತು. ಇಂಗ್ಲೆಂಡಿನಲ್ಲಿ ಹಿಂದೆ ಮದುವೆಯ ಮಾತು ಕೊಟ್ಟು ತಪ್ಪಿದವರ ಮೇಲೆ ಕೋರ್ಟಿನಲ್ಲಿ ಪರಿಹಾರಕ್ಕೆ ದಾವೆ ಹೂಡಬಹುದಿತ್ತು. 1970ರ ಒಂದು ಕಾಯ್ದೆ ಅದನ್ನು ರದ್ದು ಮಾಡಿತು, 1971ರ ಜನವರಿ 1ರಿಂದ. ನಿಶ್ಚಿತಾರ್ಥದ ಉಂಗುರ ಯಾರದ್ದು ಅಂತಲೂ ಅದೇ ಕಾಯ್ದೆ ಹೇಳುತ್ತದೆ. ಮದುವೆ ಆಗದಿದ್ದರೆ ವಾಪಸ್ ಕೊಡಬೇಕು ಅನ್ನುವ ಷರತ್ತು ಇತ್ತೆಂದು ತೋರಿಸದೆ ಹೋದರೆ, ಅದು ಪಡೆದವರದ್ದೇ. ನಮ್ಮ ಕಾದಂಬರಿಯಲ್ಲಿ ಮಾತ್ರ ವಾಪಸಾತಿಯ ಷರತ್ತಿನಿಂದಲೇ ಕಥೆ ಶುರು. ಹಾಗಾಗಿ ಅವಳು ಉಂಗುರ ಬಿಚ್ಚಿ ಮೇಜಿನ ಮೇಲಿಡುವ ಅಧ್ಯಾಯ ನನಗೆ ಬಹಳ ಮುಖ್ಯ. ಅವಸರದಲ್ಲಿ ಬರೆದದ್ದು ಅಲ್ಲಿ ಗೊತ್ತಾಗಿಬಿಡುತ್ತದೆ. ಅವಳು ಅತ್ತು ಓಡಿಹೋದರೆ ಅದು ಬರೀ ಜಗಳ. ನಿಂತು, ಅವನ ಮುಖ ನೋಡಿ, ಇದು ನನ್ನದಲ್ಲ ಅಂತ ಹೇಳಿ ಹೋದರೆ, ಆ ಹುಡುಗಿಯನ್ನು ನಾನು ಮರೆಯುವುದಿಲ್ಲ.

ಇನ್ನು ಪಾಪ, ಆ ಅಜ್ಜಿ. ಇವರ ಸುಳ್ಳನ್ನು ಮನಸಾರೆ ನಂಬಿ, ಹಳೆಯ ಒಡವೆ ತೆಗೆದು, ಹುಡುಗಿಯ ಕೈ ಹಿಡಿದು ಹರಸಿದವಳು ಅವಳು. ಬಹಳ ಕಾದಂಬರಿಗಳಲ್ಲಿ ಕೊನೆಗೆ ಅಜ್ಜಿ ನಕ್ಕು, ನನಗೆ ಮೊದಲೇ ಗೊತ್ತಿತ್ತು ಅಂದುಬಿಡುತ್ತಾಳೆ. ಎಲ್ಲರಿಗೂ ನಿರಾಳ. ಮೋಸ ಮಾಡಿದ್ದಕ್ಕೆ ಯಾರೂ ಉತ್ತರ ಹೇಳಬೇಕಾಗಿಲ್ಲ. ನನಗದು ಒಪ್ಪಿಗೆ ಆಗುವುದಿಲ್ಲ. ಅಜ್ಜಿಗೆ ಗೊತ್ತಿರಬಾರದು, ಗೊತ್ತಾದಾಗ ನೋವಾಗಬೇಕು, ಮೊಮ್ಮಗನ ಜೊತೆ ಸ್ವಲ್ಪ ದಿನ ಮಾತು ಬಿಡಬೇಕು. ಒಬ್ಬರ ಹಿಂದೆ ಒಬ್ಬರು ಅಡಗದೆ, ಇಬ್ಬರೂ ಸೇರಿ ಅವಳ ಮುಂದೆ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳುವ ಒಂದು ಅಧ್ಯಾಯ ಬೇಕು. ಅವರು ಜೊತೆಯಾಗಿ ಆಡುವ ಮೊದಲ ನಿಜ ಅದೇ ಆಗಿರುತ್ತದೆ.

ನಮಸ್ಕಾರ.