ಕಪ್ಪು ರಟ್ಟಿನೊಳಗಿನ ಪುಟಗಳು

ಕೇಳುಗರಿಗೆ ನಮಸ್ಕಾರ.

ಫೆಬ್ರವರಿ, ಮಾರ್ಚ್ ತಿಂಗಳು ಬಂತೆಂದರೆ ಮುಂಬಯಿಯ ಕಾಲೇಜುಗಳ ಆಸುಪಾಸಿನ ಜೆರಾಕ್ಸ್ ಅಂಗಡಿಗಳ ಮುಂದೆ ವಿದ್ಯಾರ್ಥಿಗಳ ಸಾಲು ಬೆಳೆಯುತ್ತದೆ. ಪದವಿಯ ಕೊನೆಯ ವರ್ಷದ ಪ್ರಾಜೆಕ್ಟ್ ವರದಿಗೆ ಕಪ್ಪು ರಟ್ಟು ಹಾಕಿಸಿ, ಅದರ ಮೇಲೆ ಚಿನ್ನದ ಬಣ್ಣದಲ್ಲಿ ಹೆಸರು ಒತ್ತಿಸಿ, ಕಾಲೇಜಿಗೆ ಒಪ್ಪಿಸಬೇಕಾದ ಕಾಲ ಅದು. ಈ ಊರಿನ ಮಕ್ಕಳು ಅದನ್ನು ಬ್ಲ್ಯಾಕ್ ಬುಕ್ ಎಂದೇ ಕರೆಯುತ್ತಾರೆ. ಕೆಲವು ಅಂಗಡಿಗಳಲ್ಲಿ ರಟ್ಟಿನ ಜೊತೆಗೆ ಒಳಗಿನ ಪುಟಗಳೂ ಸಿಗುತ್ತವೆ. ಹಿಂದಿನ ವರ್ಷದ ಯಾರದೋ ವರದಿ ಅಂಗಡಿಯ ಕಂಪ್ಯೂಟರಿನಲ್ಲಿ ಉಳಿದಿರುತ್ತದೆ; ಹೆಸರು, ರೋಲ್ ನಂಬರು, ಇಸವಿ ಇಷ್ಟನ್ನು ಬದಲಿಸಿದರೆ ಅರ್ಧ ಗಂಟೆಯಲ್ಲಿ ಪುಸ್ತಕ ಸಿದ್ಧವಾಗುತ್ತದೆ.

ವಾಣಿಜ್ಯ ವಿಭಾಗದಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತನಾದ ನಾನು ಇಂಥ ಪುಸ್ತಕಗಳಿಗೆ ಹಾಕಿದ ಸಹಿಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಒಂದರ ಸಂಗತಿಯನ್ನು ಮೊದಲು ಹೇಳುತ್ತೇನೆ.

2019ರ ಆರಂಭದಲ್ಲಿ ನನ್ನ ಮೇಜಿಗೆ ಬಂದ ಆ ವರದಿಯ ವಿಷಯ ಆನ್‌ಲೈನ್ ಬ್ಯಾಂಕಿಂಗ್ ಬಗ್ಗೆ ಗ್ರಾಹಕರ ಅಭಿಪ್ರಾಯ. ನೂರು ಜನರನ್ನು ಕೇಳಿ ಬರೆದದ್ದು ಎಂದು ಅದರಲ್ಲಿತ್ತು. ಪುರಾವೆಯಾಗಿ ತುಂಬಿದ ನೂರು ಪ್ರಶ್ನಾವಳಿಗಳ ಕಟ್ಟೂ ಜೊತೆಗಿತ್ತು. ಸಾಮಾನ್ಯವಾಗಿ ಆ ಕಟ್ಟನ್ನು ಯಾರೂ ಬಿಚ್ಚುವುದಿಲ್ಲ. ಅಂದು ಮಧ್ಯಾಹ್ನ ಒಂದು ತರಗತಿ ರದ್ದಾಗಿ ಬಿಡುವು ಸಿಕ್ಕಿದ್ದರಿಂದ ಬಿಚ್ಚಿದೆ. ನೂರು ಹಾಳೆಗಳಲ್ಲೂ ಒಂದೇ ನೀಲಿ ಶಾಯಿ. ಬಾಲವನ್ನು ಮೇಲಕ್ಕೆ ಉದ್ದವಾಗಿ ಎಳೆದ ಒಂದೇ ಬಗೆಯ ರೈಟ್ ಗುರುತು. ಅರುವತ್ತನೆಯ ಹಾಳೆಯ ಹೊತ್ತಿಗೆ ಬರೆದ ಕೈ ಸೋತು, ಗುರುತುಗಳು ಚೌಕದಿಂದ ಹೊರಕ್ಕೆ ಜಾರತೊಡಗಿದ್ದವು. ಕೊನೆಗೆ ಹತ್ತಿರದ ಒಂದು ಹಾಳೆಯ ಅಂಚಿನಲ್ಲಿ ಎಣ್ಣೆಯ ಬೆರಳಚ್ಚು ಇತ್ತು.

ಹುಡುಗನನ್ನು ಕರೆಸಿದೆ. ಕುಂದಾಪುರದ ಕಡೆಯವನು. ಕಲ್ಯಾಣದಲ್ಲಿರುವ ಚಿಕ್ಕಪ್ಪನ ಸಣ್ಣ ಹೋಟೆಲಿನಲ್ಲಿ ಇದ್ದುಕೊಂಡು ಓದುತ್ತಿದ್ದ. ಬೆಳಗಿನ ಐದಕ್ಕೆ ಎದ್ದು ಹೋಟೆಲಿನ ಕೆಲಸ ಮುಗಿಸಿ, ಸುಮಾರು 54 ಕಿಲೋಮೀಟರ್ ದೂರದ ದಕ್ಷಿಣ ಮುಂಬಯಿಗೆ ಲೋಕಲ್‌ನಲ್ಲಿ ನಿಂತು ಬಂದು, ಸಂಜೆ ಮತ್ತೆ ಅಷ್ಟೇ ದೂರ ಹೋಗಿ, ರಾತ್ರಿ ಹತ್ತರವರೆಗೆ ಹಣ ತೆಗೆದುಕೊಳ್ಳುವ ಗಲ್ಲದಲ್ಲಿ ಕುಳಿತುಕೊಳ್ಳುತ್ತಿದ್ದ. "ಈ ನೂರು ಮಂದಿಯಲ್ಲಿ ನೀನು ಎಷ್ಟು ಜನರನ್ನು ಕೇಳಿದ್ದೀಯ?" ಎಂದೆ. ಬಹಳ ಹೊತ್ತು ಸುಮ್ಮನಿದ್ದು, "ಯಾರನ್ನೂ ಕೇಳಲಿಲ್ಲ ಸರ್. ಇದನ್ನು ಯಾರೂ ಓದುವುದಿಲ್ಲ ಅಂತ ಎಲ್ಲರೂ ಹೇಳಿದರು" ಎಂದ.

ಆ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಅವನು ಹೇಳಿದ್ದು ಸತ್ಯವಾಗಿತ್ತು, ಮತ್ತು ಆ ಸತ್ಯದಲ್ಲಿ ನನ್ನ ಪಾಲೂ ಇತ್ತು. ಒಬ್ಬೊಬ್ಬ ಅಧ್ಯಾಪಕರ ಕೈಕೆಳಗೆ ಐವತ್ತು ಅರುವತ್ತು ಪ್ರಾಜೆಕ್ಟುಗಳನ್ನು ಹಂಚಿ, ಎರಡು ವಾರದಲ್ಲಿ ಅಂಕ ಕೊಡಿ ಎಂದರೆ ರಟ್ಟು, ಪುಟಸಂಖ್ಯೆ ಮತ್ತು ಪ್ರಮಾಣಪತ್ರ ಇವಿಷ್ಟೇ ಪರಿಶೀಲನೆಗೆ ಒಳಗಾಗುತ್ತವೆ. ತಾನು ಬರೆದದ್ದನ್ನು ಓದುವವರಿದ್ದಾರೆ ಎಂಬ ನಂಬಿಕೆ ವಿದ್ಯಾರ್ಥಿಗೆ ಇಲ್ಲವಾದ ದಿನ, ಅವನು ಬರೆಯುವುದನ್ನು ನಿಲ್ಲಿಸಿ ಪುಟ ತುಂಬಿಸತೊಡಗುತ್ತಾನೆ. ನಮ್ಮ ಕಾಲೇಜುಗಳಲ್ಲಿ ಕೃತಿಚೌರ್ಯ ಬೆಳೆದದ್ದು ಮಕ್ಕಳ ನೀತಿ ಕೆಟ್ಟದ್ದರಿಂದಲೇ ಎಂದು ಹೇಳುವವರ ಜೊತೆ ನಾನು ಒಪ್ಪಲಾರೆ.

ಇದಕ್ಕೆ ಕಾನೂನು ಇಲ್ಲವೇ ಎಂದು ಕೇಳಬಹುದು. ಇದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2018ರ ಜುಲೈಯಲ್ಲಿ ಶೈಕ್ಷಣಿಕ ಪ್ರಾಮಾಣಿಕತೆ ಮತ್ತು ಕೃತಿಚೌರ್ಯ ತಡೆಯ ಬಗ್ಗೆ ನಿಯಮಾವಳಿಯನ್ನು ಹೊರಡಿಸಿತು. ಅದರ ಪ್ರಕಾರ ಪ್ರಬಂಧದಲ್ಲಿ ಬೇರೆಯವರ ಬರಹದೊಂದಿಗಿನ ಹೋಲಿಕೆ ಶೇಕಡಾ 10ರವರೆಗೆ ಇದ್ದರೆ ದಂಡನೆಯಿಲ್ಲ; 10ರಿಂದ 40ರವರೆಗೆ ಇದ್ದರೆ ಆರು ತಿಂಗಳಿಗೆ ಮೀರದ ಅವಧಿಯೊಳಗೆ ತಿದ್ದಿ ಒಪ್ಪಿಸಬೇಕು; 40ರಿಂದ 60 ಆದರೆ ತಿದ್ದಿದ್ದನ್ನು ಒಪ್ಪಿಸಲು ಒಂದು ವರ್ಷ ಅವಕಾಶವಿಲ್ಲ; 60 ಮೀರಿದರೆ ನೋಂದಣಿಯೇ ರದ್ದು. ಅಧ್ಯಾಪಕರು ತಪ್ಪಿತಸ್ಥರಾದರೆ ವೇತನ ಬಡ್ತಿ ತಡೆಹಿಡಿಯುವ, ಹೊಸ ಸಂಶೋಧನಾ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳದಂತೆ ನಿರ್ಬಂಧಿಸುವ ಅವಕಾಶವೂ ಇದೆ. ಒಳ್ಳೆಯ ನಿಯಮಗಳೇ. ಆದರೆ ಅವು ಸ್ನಾತಕೋತ್ತರ ಮತ್ತು ಸಂಶೋಧನಾ ಪದವಿಗಳ ಪ್ರಬಂಧಗಳಿಗೆ ಮತ್ತು ಪ್ರಕಟವಾಗುವ ಬರಹಗಳಿಗೆ ಅನ್ವಯಿಸುತ್ತವೆ. ಅಸೈನ್‌ಮೆಂಟು, ಪ್ರಾಜೆಕ್ಟ್ ವರದಿ, ಉತ್ತರಪತ್ರಿಕೆ ಇವನ್ನು ನಿಯಮಾವಳಿಯೇ ಸ್ಪಷ್ಟವಾಗಿ ಹೊರಗಿಟ್ಟಿದೆ. ಎಂದರೆ ನಮ್ಮ ಬ್ಲ್ಯಾಕ್ ಬುಕ್ ಅದರ ವ್ಯಾಪ್ತಿಗೆ ಬರುವುದಿಲ್ಲ. ಪಿಎಚ್.ಡಿ. ಮಾಡುವವರಿಗೆ ಪ್ರಕಟಣೆಯ ನೀತಿಯ ಬಗ್ಗೆ ಕಡ್ಡಾಯ ಪಾಠವಿದೆ. ಅಲ್ಲಿಗೆ ಬರುವ ಹೊತ್ತಿಗೆ ವಿದ್ಯಾರ್ಥಿಯ ವಯಸ್ಸು ಇಪ್ಪತ್ತೈದರ ಸಮೀಪವಿರುತ್ತದೆ, ಅಭ್ಯಾಸ ಯಾವುದೋ ಒಂದು ಬಗೆಯಲ್ಲಿ ಬೇರೂರಿರುತ್ತದೆ.

ಪರೀಕ್ಷೆಯ ಕೋಣೆಯಲ್ಲಿ ನಡೆಯುವ ಮೋಸಕ್ಕೆ ಮಹಾರಾಷ್ಟ್ರದಲ್ಲಿ 1982ರಿಂದಲೇ ಕಾಯಿದೆ ಇದೆ. ಅದರ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ. ಆದರೆ 2024ರ ಜೂನ್ 18ರಂದು ನಡೆದ ಯುಜಿಸಿ ನೆಟ್ ಎಂಬ ಅಧ್ಯಾಪಕ ಅರ್ಹತಾ ಪರೀಕ್ಷೆಯನ್ನು ಅಕ್ರಮದ ಸಂಶಯದಿಂದ ಮರುದಿನವೇ ರದ್ದುಗೊಳಿಸಿದಾಗ, ಒಂಬತ್ತು ಲಕ್ಷಕ್ಕೂ ಹೆಚ್ಚು ಜನ ಮತ್ತೆ ಮೊದಲಿನಿಂದ ಸಿದ್ಧರಾಗಬೇಕಾಯಿತು ಎಂಬುದನ್ನು ನೆನೆಯದಿರಲಾರೆ. ಮೋಸದ ಒಂದು ಸಂಶಯವೂ ಪ್ರಾಮಾಣಿಕವಾಗಿ ಓದಿದವರ ತಲೆಯ ಮೇಲೆಯೇ ಬೀಳುತ್ತದೆ. ಕೇಳಿಕೇಳಿ ಬೇಸತ್ತ ಮಗು "ನಾನೊಬ್ಬನೇ ಸರಿಯಾಗಿದ್ದು ಏನು ಬಂತು" ಎಂದು ಕೇಳಿದರೆ ಅದನ್ನು ಗದರಿಸುವುದು ನ್ಯಾಯವಲ್ಲ.

ಈಗ ಭಾಷೆಯ ಮಾತಿಗೆ ಬರುತ್ತೇನೆ, ಏಕೆಂದರೆ ನಮ್ಮ ಕನ್ನಡದ ಮಕ್ಕಳಿಗೆ ಇದು ಬಲವಾಗಿ ತಟ್ಟುತ್ತದೆ. ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಓದಿ ಬಂದ ಹುಡುಗಿ ಕಾಲೇಜಿನಲ್ಲಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆಯಬೇಕಾಗುತ್ತದೆ. ವಿಷಯ ಅವಳಿಗೆ ತಿಳಿದಿರುತ್ತದೆ. ಮನೆಯಲ್ಲಿ ತಾಯಿಗೆ ಕನ್ನಡದಲ್ಲಿ ಚೆನ್ನಾಗಿಯೇ ವಿವರಿಸಬಲ್ಲಳು. ಕಾಗದದ ಮುಂದೆ ಕುಳಿತಾಗ ಮಾತ್ರ ತನ್ನ ಇಂಗ್ಲಿಷ್ ವಾಕ್ಯಕ್ಕೆ ನಗುತ್ತಾರೆಂಬ ಅಂಜಿಕೆ ಕಾಡುತ್ತದೆ, ಇನ್ನೊಬ್ಬರ ನಯವಾದ ವಾಕ್ಯವನ್ನು ಇಳಿಸಿಕೊಳ್ಳುತ್ತಾಳೆ. ಇದನ್ನು ಕಳ್ಳತನ ಎಂದಷ್ಟೇ ಕರೆದು ಮುಗಿಸಿದರೆ ರೋಗದ ಹೆಸರು ಹೇಳಿದಂತಾಯಿತೇ ಹೊರತು ಮದ್ದು ಕೊಟ್ಟಂತಾಗಲಿಲ್ಲ. ಇನ್ನೊಬ್ಬರ ಮಾತನ್ನು ಬಳಸುವುದು ತಪ್ಪಲ್ಲ, ಯಾರದೆಂದು ಹೇಳದಿರುವುದು ತಪ್ಪು ಎಂಬ ಸರಳ ವಿಷಯವನ್ನು ಅವಳಿಗೆ ಯಾರೂ ಕುಳ್ಳಿರಿಸಿಕೊಂಡು ತಿಳಿಸಿರುವುದಿಲ್ಲ. ನಮ್ಮ ಹಳೆಯ ಕವಿಗಳು ಕಾವ್ಯದ ಆರಂಭದಲ್ಲಿ ಪೂರ್ವಕವಿಗಳನ್ನು ಹೆಸರಿಸಿ ನಮಸ್ಕರಿಸುತ್ತಿದ್ದರು. ತಾವು ಯಾರಿಂದ ಪಡೆದೆವೆಂದು ಹೇಳಿಕೊಂಡದ್ದರಿಂದ ಅವರ ಕಾವ್ಯದ ತೂಕ ಕಡಿಮೆಯಾಗಲಿಲ್ಲ. ತರಗತಿಯಲ್ಲಿ ಅಡಿಟಿಪ್ಪಣಿಯ ಪಾಠವನ್ನು ನಾನು ಇಲ್ಲಿಂದಲೇ ಆರಂಭಿಸುತ್ತಿದ್ದೆ.

2022ರ ನವೆಂಬರ್ ಕೊನೆಗೆ, ಕೇಳಿದ್ದನ್ನು ಬರೆದುಕೊಡುವ ಕಂಪ್ಯೂಟರ್ ಸಾಧನ ಚಾಟ್‌ಜಿಪಿಟಿ ಬಂದ ಮೇಲೆ ಜೆರಾಕ್ಸ್ ಅಂಗಡಿಗೆ ಹೋಗುವ ಕಷ್ಟವೂ ತಪ್ಪಿತು. ಅದು ಬರೆದದ್ದು ಯಾವ ಪುಸ್ತಕದಲ್ಲೂ ಹಾಗೆಯೇ ಇರುವುದಿಲ್ಲವಾದ್ದರಿಂದ ಹೋಲಿಕೆಯ ಶೇಕಡಾ ಲೆಕ್ಕ ಅಲ್ಲಿ ಕೈಕೊಡುತ್ತದೆ. ಯಂತ್ರ ಬರೆದದ್ದನ್ನು ಯಂತ್ರದಿಂದಲೇ ಹಿಡಿಯುತ್ತೇವೆ ಎಂಬ ಭರವಸೆಯೂ ಗಟ್ಟಿಯಲ್ಲ: ಚಾಟ್‌ಜಿಪಿಟಿಯನ್ನು ತಯಾರಿಸಿದ ಕಂಪನಿಯೇ ಇಂಥ ಪತ್ತೆ ಸಾಧನವನ್ನು ಬಿಡುಗಡೆ ಮಾಡಿ, ಅದು ಸಾಕಷ್ಟು ನಿಖರವಲ್ಲವೆಂದು 2023ರ ಜುಲೈಯಲ್ಲಿ ಹಿಂತೆಗೆದುಕೊಂಡಿತು. ಇಂಗ್ಲಿಷ್ ತಾಯ್ನುಡಿಯಲ್ಲದವರು ಸ್ವಂತವಾಗಿ ಬರೆದದ್ದನ್ನೂ ಇಂಥ ಸಾಧನಗಳು ಯಂತ್ರದ ಬರಹವೆಂದು ತಪ್ಪಾಗಿ ಗುರುತಿಸಿದ್ದುಂಟು. ನಾನು ಈಗ ಹೇಳಿದ ಕನ್ನಡ ಶಾಲೆಯ ಹುಡುಗಿ ಕಷ್ಟಪಟ್ಟು ಬರೆದ ನಾಲ್ಕು ಪುಟಕ್ಕೆ ಇಂಥ ಆರೋಪ ಬಂದರೆ ಅವಳು ಯಾರ ಮುಂದೆ ಹೇಳಿಕೊಳ್ಳಬೇಕು? ಸಾಧನದ ಪರದೆಯ ಮೇಲಿನ ಒಂದು ಅಂಕಿಯನ್ನು ನೋಡಿ ಮಗುವಿನ ಮೇಲೆ ತೀರ್ಪು ಕೊಡುವ ಅಧ್ಯಾಪಕರು, ಓದದೆ ಸಹಿ ಹಾಕಿದ ನನಗಿಂತ ಹೆಚ್ಚು ಕೆಲಸ ಮಾಡಿದಂತಾಗಲಿಲ್ಲ. ಎದುರಿಗೆ ಕುಳ್ಳಿರಿಸಿಕೊಂಡು ಹತ್ತು ನಿಮಿಷ ಮಾತನಾಡಿಸಿದರೆ ತಿಳಿಯುತ್ತದೆ, ಪುಟದಲ್ಲಿರುವುದು ಆ ತಲೆಯೊಳಗೂ ಇದೆಯೋ ಇಲ್ಲವೋ ಎಂದು.

ಆ ಕುಂದಾಪುರದ ಹುಡುಗನ ವಿಷಯಕ್ಕೆ ಮರಳುತ್ತೇನೆ. ಅವನನ್ನು ಮೇಲಿನವರಿಗೆ ಒಪ್ಪಿಸಬಹುದಿತ್ತು. ಹಾಗೆ ಮಾಡದೆ, ಹೋಟೆಲಿನ ಬಗ್ಗೆ ಕೇಳಿದೆ. ಅಲ್ಲಿಯವರೆಗೆ ನೆಲ ನೋಡುತ್ತಿದ್ದವನು ತಲೆಯೆತ್ತಿ, ಗಲ್ಲಕ್ಕೆ ಕ್ಯೂಆರ್ ಕೋಡ್ ಅಂಟಿಸಿದ ಮೇಲೆ ಚಿಲ್ಲರೆಯ ಜಗಳ ಹೇಗೆ ನಿಂತಿತು, ಹಾಲಿನವನು ಮಾತ್ರ ನಗದನ್ನೇ ಯಾಕೆ ಕೇಳುತ್ತಾನೆ, ಸಂಜೆ ಲೆಕ್ಕ ಕೂಡಿಸುವಾಗ ಚಿಕ್ಕಪ್ಪನಿಗೆ ಯಾಕೆ ಗೊಂದಲವಾಗುತ್ತದೆ ಎಂದೆಲ್ಲ ಹೇಳತೊಡಗಿದ. ಇದನ್ನೇ ಬರೆ ಎಂದೆ. ಮೂರು ವಾರ ಸಮಯ ಕೊಟ್ಟೆ. ಇಂಗ್ಲಿಷಿನ ಬಗ್ಗೆ ಹೆದರಬೇಡ, ಮೊದಲು ಕನ್ನಡದಲ್ಲಿ ಬರೆದು ತಾ, ಇಬ್ಬರೂ ಸೇರಿ ಇಂಗ್ಲಿಷಿಗೆ ತರೋಣ ಎಂದೆ.

ಮೂರು ವಾರದ ಮೇಲೆ ಬಂದ ಕಟ್ಟಿನಲ್ಲಿ ಹೋಟೆಲಿನ ಗಿರಾಕಿಗಳು ತುಂಬಿದ ಮೂವತ್ತೇಳು ಹಾಳೆಗಳಿದ್ದವು. ಬೇರೆ ಬೇರೆ ಪೆನ್ನು, ಬೇರೆ ಬೇರೆ ಕೈ. ಕೆಲವು ಮರಾಠಿಯಲ್ಲಿ, ಎರಡು ಕನ್ನಡದಲ್ಲಿ. ಒಬ್ಬ ರಿಕ್ಷಾ ಚಾಲಕರು ಎಲ್ಲ ಪ್ರಶ್ನೆಗಳನ್ನೂ ಬಿಟ್ಟು, ತಮ್ಮ ಬ್ಯಾಂಕ್ ಖಾತೆಯಿಂದ ಎರಡು ಬಾರಿ ಹಣ ಕಡಿತವಾದ ಕಥೆಯನ್ನು ಹಾಳೆಯ ಹಿಂಬದಿಯಲ್ಲಿ ಬರೆದಿದ್ದರು. ನಮ್ಮ ವಿಭಾಗದ ಸೂಚನೆಯಲ್ಲಿ ನೂರು ಮಂದಿ ಇರಬೇಕೆಂದಿತ್ತು. ವೈವಾ ಎಂಬ ಮೌಖಿಕ ಪರೀಕ್ಷೆಯ ದಿನ ಹೊರಗಿನ ಪರೀಕ್ಷಕರು ಪುಟ ತಿರುವುತ್ತಾ ಅಲ್ಲಿಯೇ ತಡೆದು, ಉಳಿದವರೆಲ್ಲರೂ ನೂರು ಬರೆದಿರುವಾಗ ನಿನ್ನದು ಮೂವತ್ತೇಳು ಯಾಕೆ ಎಂದು ಕೇಳಿದರು.

"ಗಿರಾಕಿಗಳಿಗೆ ಪುರುಸೊತ್ತು ಇರಲಿಲ್ಲ ಸರ್. ಉತ್ತರ ಕೊಟ್ಟವರು ಅಷ್ಟೇ ಜನ" ಎಂದ.

ಸಂಖ್ಯೆ ಕಡಿಮೆಯಾದದ್ದಕ್ಕೆ ಅವರು ಐದು ಅಂಕ ಕಳೆದರು. ಆಮೇಲೆ ಪುಸ್ತಕವನ್ನು ಮುಚ್ಚದೆ, ರಿಕ್ಷಾದವರ ಆ ಹಾಳೆಯನ್ನು ಹೊರತೆಗೆದು, ಕನ್ನಡಕ ಸರಿಮಾಡಿಕೊಂಡು ಓದತೊಡಗಿದರು.