ಸೇರಿದ್ದು ಇಲ್ಲಲ್ಲ, ದಾರಿಯಲ್ಲಿ

ಎಲ್ಲರಿಗೂ ನಮಸ್ಕಾರ. ನಿಂತೇ ಮಾತಾಡುತ್ತೇನೆ. ಮೂರು ದಿನ ಸೈಕಲ್ ಸೀಟಿನ ಮೇಲೆ ಕೂತು ಬಂದವನಿಗೆ ಕುರ್ಚಿ ಕಂಡರೆ ಭಯ!

ಬೆಳಿಗ್ಗೆಯಿಂದ ಈ ಸೈಕಲ್ ಸಮಾವೇಶದ ವೇದಿಕೆಯಲ್ಲಿ ‘ನಾವೆಲ್ಲ ಒಂದೇ ಕುಟುಂಬ’ ಅನ್ನುವ ಮಾತು ನಾಲ್ಕು ಸಲ ಕೇಳಿದೆ. ಒಳ್ಳೆಯ ಮಾತೇ. ಆದರೆ ಮೈಕ್ ಹಿಡಿದು ಹೇಳಿದ ಮಾತ್ರಕ್ಕೆ ಕುಟುಂಬ ಆಗಿಬಿಡುತ್ತಾ? ನನ್ನ ಪ್ರಕಾರ ನಾವು ಸೇರಿದ್ದು ಇಲ್ಲಲ್ಲ, ದಾರಿಯಲ್ಲಿ.

ಎರಡನೇ ದಿನ ಮಧ್ಯಾಹ್ನ ನನ್ನ ಹಿಂದಿನ ಚಕ್ರ ಪಂಕ್ಚರ್ ಆಯಿತು. ಬೇರೆ ಟ್ಯೂಬ್ ಇತ್ತು, ಪಂಪೂ ಇತ್ತು. ಆದರೆ ಟ್ಯೂಬಿನದು ತೆಳ್ಳಗಿನ ಪ್ರೆಸ್ಟಾ ವಾಲ್ವ್, ಪಂಪ್ ಕಾರಿನಂಥ ದಪ್ಪ ವಾಲ್ವಿನದು, ಒಂದಕ್ಕೊಂದು ಕೂರಲ್ಲ. ನಗಬೇಡಿ, ನಿಮ್ಮಲ್ಲೂ ಅರ್ಧ ಜನ ಹೀಗೇ ಹೊರಟಿರುತ್ತೀರಿ. ಆಗ ಐದು ಜನರ ಗುಂಪೊಂದು ಬಂತು, ಮುಂದಿದ್ದವರು ಬ್ರೇಕ್ ಹಾಕಿದರು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಸೀಟಿನ ಕೆಳಗಿನ ಚೀಲದಿಂದ ಬೆರಳ ತುದಿಯಷ್ಟು ದೊಡ್ಡ ಹಿತ್ತಾಳೆ ಅಡಾಪ್ಟರ್ ತೆಗೆದು ವಾಲ್ವಿಗೆ ತಿರುಗಿಸಿದರು. ಇನ್ನೊಬ್ಬರು ಟೈರಿನ ಒಳಗೆ ಬೆರಳಾಡಿಸಿ ಕೂದಲಿನಷ್ಟು ಸಣ್ಣ ತಂತಿ ಚೂರು ಕಿತ್ತರು, ನಾನು ಅದನ್ನು ನೋಡೇ ಇರಲಿಲ್ಲ, ಹಾಗೇ ಹಾಕಿದ್ದರೆ ಹತ್ತು ನಿಮಿಷಕ್ಕೆ ಮತ್ತೆ ಪಂಕ್ಚರ್. ಮೂರನೆಯವರು ಸುಮ್ನೆ ನಿಂತು ಸಲಹೆ ಕೊಟ್ಟರು. ಪ್ರತಿ ಗುಂಪಿನಲ್ಲೂ ಒಬ್ಬರು ಇರುತ್ತಾರೆ, ಅಲ್ವಾ?

ಆಮೇಲೆ ನನ್ನನ್ನೂ ಸಾಲಿಗೆ ಸೇರಿಸಿಕೊಂಡರು. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಮುಂದಿರುವವರು ಅದನ್ನು ಮೈಮೇಲೆ ಹಾಕಿಕೊಳ್ಳುತ್ತಾರೆ, ಸುಸ್ತಾದಾಗ ಪಕ್ಕಕ್ಕೆ ಸರಿದು ಹಿಂದೆ ಬರುತ್ತಾರೆ. ಗುಂಡಿ ಬಂದರೆ ಕೈ ಕೆಳಗೆ ಚಾಚಿ ತೋರಿಸುತ್ತಾರೆ, ನೀವು ನಿಮ್ಮ ಹಿಂದಿನವರಿಗೆ ತೋರಿಸಬೇಕು, ಮರೆತರೆ ಅವರು ಬಿದ್ದ ಹಾಗೆ. ನನಗೆ ಆ ಐವರ ಮುಖಕ್ಕಿಂತ ಬೆನ್ನೇ ಚೆನ್ನಾಗಿ ಗೊತ್ತು.

ಅಮೆರಿಕದ ಅಯೋವಾದಲ್ಲಿ 1973ರಲ್ಲಿ ಜಾನ್ ಕಾರಸ್, ಡೊನಾಲ್ಡ್ ಕೌಲ್ ಎಂಬ ಇಬ್ಬರು ಪತ್ರಕರ್ತರು ‘ರಾಜ್ಯದ ಈ ತುದಿಯಿಂದ ಆ ತುದಿಗೆ ಸೈಕಲ್ ತುಳಿಯುತ್ತೇವೆ, ಬರುವವರು ಬನ್ನಿ’ ಅಂತ ಪತ್ರಿಕೆಯಲ್ಲಿ ಕರೆದರು. 83 ವರ್ಷದ ಕ್ಲಾರೆನ್ಸ್ ಪಿಕಾರ್ಡ್ ಹೆಂಗಸರ ಸೈಕಲ್ ಏರಿ ಬಂದು ಕೊನೆ ಮುಟ್ಟಿದರು. ಆ ಸವಾರಿಯೇ ಇವತ್ತಿನ ರಾಗ್‌ಬ್ರಾಯ್ ಸೈಕಲ್ ಯಾತ್ರೆ. ಹಿಂದಿನ ಚಕ್ರವನ್ನು ಮಿಸ್ಸೌರಿ ನದಿಯಲ್ಲಿ ಅದ್ದಿ ಹೊರಡುತ್ತಾರೆ, ಮುಂದಿನ ಚಕ್ರವನ್ನು ಮಿಸಿಸಿಪ್ಪಿಯಲ್ಲಿ ಅದ್ದಿ ಮುಗಿಸುತ್ತಾರೆ. ಅಲ್ಲಿ ಸಭಾಂಗಣವೇ ಇಲ್ಲ, ದಾರಿಯೇ ಸಮಾವೇಶ. ನಾನು ಹೇಳಿದ್ದೂ ಇದೇ ತಾನೆ?

ಚೀಟಿ ಬಂತು, ಟೈಮ್ ಆಯಿತಂತೆ. ನಿಧಾನ ತುಳಿಯುವವರ ಬಗ್ಗೆ, ವಾಪಸ್ ಹೋಗುವ ದಾರಿಯ ಬಗ್ಗೆ ಬರೆದುಕೊಂಡಿದ್ದೆ. ಇರಲಿ, ಬಿಡಿ.

ಒಂದೇ ಒಂದು ವಿಷಯ. ಆ ಹಿತ್ತಾಳೆ ಅಡಾಪ್ಟರ್ ವಾಪಸ್ ಕೊಡೋದು ಮರೆತಿದ್ದೇನೆ, ಇಗೋ, ಜೇಬಲ್ಲೇ ಇದೆ. ಅದರ ಯಜಮಾನರು ಈ ಸಭೆಯಲ್ಲಿದ್ದರೆ ದಯವಿಟ್ಟು ಎದ್ದು ನಿಂತು ಒಂದ್ಸಲ ಹಿಂದಕ್ಕೆ ತಿರುಗಿ. ಬೆನ್ನು ನೋಡಿದರೆ ಗುರುತು ಹಿಡಿಯುತ್ತೇನೆ.